ಕ್ಯೂ ಚೆಂಡಿಗೆ ತಾಗಿದಾಗಿನ ಸದ್ದು, ಕೈಗೆ ಬರುವ ಹದ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕ್ಯೂ, ಅಂದರೆ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲು, ಯಾರ ಕೈಗೆ ಬಂದರೂ ಜೊತೆಯವರು ಮೊದಲು ಕೇಳುವುದು ‘ಹಿಟ್ ಹೇಗಿದೆ?’ ಎಂದು. ಟಿಪ್‌ನ ಗಟ್ಟಿತನ, ಮರದ ಗುಣ, ಜಾಯಿಂಟ್, ತೂಕ, ಆಡುವವರ ಹಿಡಿತ ಎಲ್ಲವೂ ಆ ಒಂದು ಮಾತಿನೊಳಗೇ ಸೇರಿಕೊಂಡಿವೆ. ಪೂಲ್ ಕಲಿಯಲು ಬಂದವರು, ಸ್ವಂತ ಕ್ಯೂ ಕೊಳ್ಳಲು ಹೊರಟವರು, ‘ಯಾಕೋ ನನ್ನ ಸ್ಟಿಕ್ ಬೇರೆ ಥರ ಸದ್ದು ಮಾಡ್ತಿದೆ’ ಎಂದು ತಲೆ ಕೆಡಿಸಿಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳು ಮುಖ್ಯವಾಗಿ 8-ಬಾಲ್, 9-ಬಾಲ್ ಆಡುವ ಪೂಲ್ ಟೇಬಲ್‌ಗೆ ಸಂಬಂಧಿಸಿದವು. ಸ್ನೂಕರ್‌ನಲ್ಲಿ ವಿಷಯ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಕ್ಯೂ ತಾಗಿದಾಗ ಕೇಳುವ ‘ಟಕ್’ ಎಲ್ಲಿಂದ ಬರುತ್ತದೆ?

ಒಂದೇ ಜಾಗದಿಂದ ಅಲ್ಲ. ಕ್ಯೂ ತುದಿಯ ಚರ್ಮದ ಟಿಪ್ ಚೆಂಡಿಗೆ ಒತ್ತಿಕೊಂಡು ಕುಗ್ಗಿ ಮತ್ತೆ ಹಿಗ್ಗುತ್ತದೆ. ಆ ಪೆಟ್ಟು ಟಿಪ್‌ನ ಕೆಳಗಿರುವ ಫೆರೂಲ್ ಎಂಬ ಬಳೆಯಂಥ ತುಂಡಿಗೆ, ಅಲ್ಲಿಂದ ಕೋಲಿನ ಮುಂಭಾಗವಾದ ಶಾಫ್ಟ್‌ಗೆ, ಎರಡು ಭಾಗ ಕೂಡುವ ಜಾಯಿಂಟ್ ದಾಟಿ ಹಿಂಭಾಗದ ಬಟ್‌ವರೆಗೂ ಹೋಗುತ್ತದೆ. ಇಡೀ ಕೋಲು ಕಂಪಿಸುತ್ತದೆ, ಆ ಕಂಪನದ ಒಂದು ಪಾಲು ಗಾಳಿಯ ಮೂಲಕ ಕಿವಿಗೆ, ಇನ್ನೊಂದು ಪಾಲು ಮರದ ಮೂಲಕ ಬೆರಳಿಗೆ ತಲುಪುತ್ತದೆ. ನಾವು ‘ಹಿಟ್’ ಎನ್ನುವುದು ಈ ಎರಡೂ ಬೆರೆತ ಅನುಭವವನ್ನು. ಕಿವಿಗೆ ಬಿದ್ದದ್ದನ್ನೇ ಕೈಗೂ ತಾಗಿತೆಂದು ಮನಸ್ಸು ಸೇರಿಸಿಕೊಂಡುಬಿಡುತ್ತದೆ. ಬೇಕಾದರೆ ಇಯರ್‌ಪ್ಲಗ್ ಹಾಕಿಕೊಂಡು ಅದೇ ಕ್ಯೂನಲ್ಲಿ ಅದೇ ಶಾಟ್ ಆಡಿ. ‘ಗಟ್ಟಿ’ ಅನ್ನಿಸುತ್ತಿದ್ದ ಕ್ಯೂ ಅರ್ಧಕ್ಕರ್ಧ ಮೆತ್ತಗಾದಂತೆ ತೋರುತ್ತದೆ.

ಕ್ಯೂನಿಂದ ಹೊಡೆದ ಬಿಳಿ ಚೆಂಡು ಹೋಗಿ ಬಣ್ಣದ ಚೆಂಡಿಗೆ ಬಡಿದಾಗ ಬರುವ ‘ಕಟ್’ ಸದ್ದಿನ ಗುಣವೇ ಬೇರೆ. ಗಟ್ಟಿ ಗಟ್ಟಿಯ ಡಿಕ್ಕಿ ಅದು. ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿ ಮುಗಿಯುವುದರಿಂದ ಅದು ಚುರುಕಾಗಿ ಕೇಳುತ್ತದೆ. ಚರ್ಮದ ಟಿಪ್ ಚೆಂಡಿಗೆ ಅದಕ್ಕಿಂತ ಹೆಚ್ಚು ಹೊತ್ತು ಅಂಟಿಕೊಂಡಿರುವುದರಿಂದ ಅದರ ಸದ್ದು ತಗ್ಗಿದ ದನಿಯದ್ದು.

ಟಿಪ್ ಚೆಂಡಿಗೆ ಎಷ್ಟು ಹೊತ್ತು ತಾಗಿರುತ್ತದೆ?

ಸುಮಾರು ಒಂದು ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಮೆತ್ತನೆ ಟಿಪ್ ಆದರೆ ತುಸು ಹೆಚ್ಚು, ಗಟ್ಟಿ ಟಿಪ್ ಆದರೆ ತುಸು ಕಡಿಮೆ. ಮಧ್ಯಮ ವೇಗದ ಹೊಡೆತದಲ್ಲಿ ಅಷ್ಟು ಹೊತ್ತಿಗೆ ಕ್ಯೂ ಮುಂದೆ ಹೋಗುವುದು ಒಂದೆರಡು ಮಿಲಿಮೀಟರ್ ಮಾತ್ರ. 19 ಔನ್ಸ್ ತೂಕದ ಕ್ಯೂ ಮತ್ತು ಆರು ಔನ್ಸ್‌ನಷ್ಟು ತೂಗುವ ಚೆಂಡು ಎಂದಿಟ್ಟುಕೊಂಡರೆ, ಚರ್ಮದ ಟಿಪ್‌ನಿಂದ ನಡುವಿಗೆ ಹೊಡೆದಾಗ ಚೆಂಡು ಕ್ಯೂಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ವೇಗದಲ್ಲಿ ಬಿಟ್ಟುಹೋಗುತ್ತದೆ. ಹಾಗಾಗಿ ಫಾಲೋ-ಥ್ರೂನಲ್ಲಿ, ಅಂದರೆ ಹೊಡೆದ ಮೇಲೆ ಕೈ ಮುಂದೆ ಸಾಗುವಾಗ, ಕ್ಯೂ ಚೆಂಡನ್ನು ತಳ್ಳಿಕೊಂಡು ಹೋಗುತ್ತದೆ ಎನ್ನುವುದು ನಿಜವಲ್ಲ.

ಇದರಿಂದ ಹೊರಡುವ ಒಂದು ಮಾತನ್ನು ಆಟಗಾರರು ಮನಸ್ಸಿಗೆ ತೆಗೆದುಕೊಳ್ಳಲೇಬೇಕು. ಕೈಯ ಕಂಪನ ಮೆದುಳಿಗೆ ತಲುಪಿ, ಅದಕ್ಕೆ ಪ್ರತಿಯಾಗಿ ಕೈ ಏನಾದರೂ ಮಾಡಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಚೆಂಡು ಎಂದೋ ಹೊರಟುಹೋಗಿರುತ್ತದೆ. ತಾಗಿದ ಮೇಲೆ ಮಣಿಕಟ್ಟು ತಿರುಗಿಸಿ, ಕ್ಯೂ ಅನ್ನು ಪಕ್ಕಕ್ಕೆ ಎಳೆದು ‘ಸ್ಪಿನ್ ಕೊಟ್ಟೆ’ ಎಂದುಕೊಂಡರೆ ಚೆಂಡಿಗೆ ಅದರ ಸುದ್ದಿಯೇ ಗೊತ್ತಿರುವುದಿಲ್ಲ.

ಚೆಂಡು ಆಗಲೇ ಹೋಗಿದೆ ಎಂದಮೇಲೆ ಈ ಸದ್ದು, ಹದಗಳಿಂದ ಏನು ಪ್ರಯೋಜನ?

ಬಹಳ ಇದೆ. ಆಗಿಹೋದ ಹೊಡೆತದ ವರದಿ ಅದು. ಚೆಂಡು ಪಾಕೆಟ್ ಸೇರಿತೋ ಇಲ್ಲವೋ ಎನ್ನುವುದು ಅರ್ಧ ವರದಿ ಮಾತ್ರ, ಏಕೆಂದರೆ ತಪ್ಪು ಗುರಿ ಮತ್ತು ತಪ್ಪು ಹೊಡೆತ ಒಂದನ್ನೊಂದು ಸರಿದೂಗಿಸಿ ಚೆಂಡು ಬೀಳುವುದುಂಟು. ಅಂಥ ಹೊಡೆತದಲ್ಲಿ ಚೆಂಡು ಬಿದ್ದರೂ ಸದ್ದು ಸುಳ್ಳು ಹೇಳುವುದಿಲ್ಲ.

ಹೀಗೆ ಮಾಡಿ ನೋಡಿ. ಪಟ್ಟೆಯಿರುವ ಒಂದು ಚೆಂಡನ್ನು, ಅಂದರೆ 9ರಿಂದ 15ರವರೆಗಿನ ಯಾವುದಾದರೂ ಒಂದನ್ನು, ಬಿಳಿ ಚೆಂಡಿನ ಬದಲು ಇಟ್ಟುಕೊಳ್ಳಿ. ಪಟ್ಟೆ ಟೇಬಲ್‌ಗೆ ಸಮತಲವಾಗಿರಲಿ. ಟಿಪ್‌ಗೆ ಹೊಸದಾಗಿ ಚಾಕ್ (ಟಿಪ್ ಜಾರದಂತೆ ಹಚ್ಚುವ ನೀಲಿ ಪುಡಿ) ಹಚ್ಚಿ, ಪಟ್ಟೆಯ ನಟ್ಟನಡುವೆ ಗುರಿಯಿಟ್ಟು ಎದುರಿನ ಕುಶನ್‌ಗೆ (ಟೇಬಲ್ ಅಂಚಿನ ರಬ್ಬರ್ ಪಟ್ಟಿಗೆ) ಹೊಡೆಯಿರಿ. ಹೊಡೆದ ಕೂಡಲೇ, ಚೆಂಡನ್ನು ನೋಡುವ ಮೊದಲೇ, ಎಲ್ಲಿ ತಾಗಿತೆಂದು ಬಾಯಿಬಿಟ್ಟು ಹೇಳಿ: ನಡುವೆ, ಎಡಕ್ಕೆ, ಕೆಳಗೆ. ಆಮೇಲೆ ಚೆಂಡು ಎತ್ತಿ ನೋಡಿದರೆ ಸಣ್ಣ ನೀಲಿ ಚುಕ್ಕೆ ಇರುತ್ತದೆ. ಮೊದಮೊದಲು ನೀವು ಹೇಳಿದ್ದೂ ಚುಕ್ಕೆಯೂ ಹೊಂದುವುದಿಲ್ಲ. ಪ್ರತಿ ಸಲ ಚುಕ್ಕೆ ಒರೆಸಿ ಮತ್ತೆ ಹೊಡೆಯುತ್ತಾ ಹೋದರೆ ನಡುವಿನ ಹೊಡೆತದ ಸದ್ದು ಕಿವಿಯಲ್ಲಿ ಕೂರುತ್ತದೆ. ಅದು ಚಿಕ್ಕದಾಗಿ, ತುಂಬಿಕೊಂಡು, ಒಂದೇ ಸಲಕ್ಕೆ ನಿಂತುಹೋಗುವ ಸದ್ದು. ಪಕ್ಕಕ್ಕೆ ತಾಗಿದರೆ ಸದ್ದು ತೆಳುವಾಗುತ್ತದೆ, ಶಾಫ್ಟ್ ಅಡ್ಡಕ್ಕೆ ಬಾಗಿ ಬ್ರಿಡ್ಜ್ ಮಾಡಿದ, ಅಂದರೆ ಕ್ಯೂಗೆ ಆಸರೆಯಾಗಿ ಟೇಬಲ್ ಮೇಲಿಟ್ಟ ಕೈಬೆರಳಿಗೆ ಒಂದು ಅದುರು ಬರುತ್ತದೆ.

ನನ್ನ ಮಟ್ಟಿಗೆ ಪೂಲ್ ಕಲಿಕೆಯಲ್ಲಿ ಇಷ್ಟು ಕಡಿಮೆ ಖರ್ಚಿನ, ಇಷ್ಟು ಉಪಯೋಗದ ಅಭ್ಯಾಸ ಇನ್ನೊಂದಿಲ್ಲ. ಕ್ಯೂ ಬದಲಿಸುವ ಆಸೆ ಬಂದವರೆಲ್ಲ ಮೊದಲು ಇದನ್ನು ಮಾಡಬೇಕು ಎನ್ನುತ್ತೇನೆ.

ಮೆತ್ತನೆ ಟಿಪ್ ಒಳ್ಳೆಯದೋ, ಗಟ್ಟಿ ಟಿಪ್ಪೋ?

ಸದ್ದನ್ನೂ ಹದವನ್ನೂ ಹೆಚ್ಚಾಗಿ ತೀರ್ಮಾನಿಸುವ ಭಾಗ ಟಿಪ್. ಸಾವಿರಾರು ರೂಪಾಯಿಯ ಕ್ಯೂ ಆದರೂ ಚೆಂಡನ್ನು ಮುಟ್ಟುವುದು ಬೆರಳ ತುದಿಯಷ್ಟು ಅಗಲದ ಈ ಚರ್ಮದ ತುಣುಕು ಮಾತ್ರ.

ಟಿಪ್‌ಗಳಲ್ಲಿ ದೊಡ್ಡದಾಗಿ ಎರಡು ಬಗೆ. ಒಂದು, ಇಡೀ ತುಂಡು ಚರ್ಮವನ್ನು ಅದುಮಿ ಮಾಡಿದ್ದು. ಎಲ್ಕ್‌ಮಾಸ್ಟರ್, ಟ್ರಯಾಂಗಲ್ ಈ ಬಗೆಯವು. ಇನ್ನೊಂದು, ತೆಳು ಚರ್ಮದ ಪದರಗಳನ್ನು ಒಂದರ ಮೇಲೊಂದು ಅಂಟಿಸಿದ್ದು. ಜಪಾನಿನ ಮೂರಿ, ಕಮುಯಿ ಬ್ರಾಂಡ್‌ಗಳು ಹಂದಿ ಚರ್ಮದ ಇಂಥ ಟಿಪ್‌ಗಳಿಂದ ಹೆಸರು ಮಾಡಿವೆ. ಇಡೀ ತುಂಡಿನದ್ದು ಅಗ್ಗ, ಆದರೆ ಒಂದೇ ಡಬ್ಬಿಯ ಎರಡು ಟಿಪ್‌ಗಳ ಗಟ್ಟಿತನ ಒಂದೇ ಥರ ಇರುತ್ತದೆಂಬ ಭರವಸೆ ಇಲ್ಲ. ಪದರದ್ದಕ್ಕೆ ಬೆಲೆ ಹೆಚ್ಚು, ಬದಲಾಯಿಸಿದಾಗ ಹಳೆಯ ಹದವೇ ಮರಳಿ ಸಿಗುವ ಸಾಧ್ಯತೆಯೂ ಹೆಚ್ಚು. ಎಲ್ಕ್‌ಮಾಸ್ಟರ್ ಟಿಪ್ ಅನ್ನು ಹಾಲಿನಲ್ಲಿ ನೆನೆಹಾಕಿ, ವೈಸ್‌ನಲ್ಲಿ ಒತ್ತಿ ಒಣಗಿಸಿ ಗಟ್ಟಿ ಮಾಡಿಕೊಳ್ಳುವ ಆಟಗಾರರೂ ಇದ್ದಾರೆ. ಅಮೆರಿಕದಲ್ಲಿ ಅದಕ್ಕೆ ಮಿಲ್ಕ್ ಡಡ್ ಎಂಬ ಅಡ್ಡಹೆಸರೇ ಇದೆ.

ಮೆತ್ತನೆ ಟಿಪ್ ‘ದಪ್’ ಎನ್ನುತ್ತದೆ, ಗಟ್ಟಿಯದ್ದು ‘ಟಿಕ್’ ಎನ್ನುತ್ತದೆ. ಮೆತ್ತನೆಯದ್ದು ಬೇಗ ಅಣಬೆಯಂತೆ ಅಂಚು ಬಿಚ್ಚಿಕೊಳ್ಳುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದ್ದು ಬಾಳಿಕೆ ಬರುತ್ತದೆ, ಆದರೆ ಮೇಲ್ಮೈ ನುಣುಪಾಗಿ ಚಾಕ್ ಹಿಡಿಯದಂತಾಗುತ್ತದೆ. ಮೀಡಿಯಂ ಅಥವಾ ಅದಕ್ಕಿಂತ ಒಂದು ಮೆಟ್ಟಿಲು ಗಟ್ಟಿಯಾದದ್ದನ್ನು ಹಾಕಿಸಿಕೊಳ್ಳಿ ಎಂಬುದು ಹೊಸಬರಿಗೆ ನನ್ನ ಸಲಹೆ. ಮೆತ್ತನೆ ಟಿಪ್‌ನ ಹದ ತಿಂಗಳಿನಿಂದ ತಿಂಗಳಿಗೆ ಬದಲಾಗುತ್ತದೆ. ಕಿವಿ ಇನ್ನೂ ಪಳಗುತ್ತಿರುವಾಗ ವರದಿ ಕೊಡುವ ವಸ್ತುವೇ ಬದಲಾಗುತ್ತಿದ್ದರೆ ಕಲಿಯುವುದು ಕಷ್ಟ.

ಮೆತ್ತನೆ ಟಿಪ್‌ನಿಂದ ಹೆಚ್ಚು ಸ್ಪಿನ್ ಬರುತ್ತದೆ ಅಲ್ಲವೇ?

ಎಲ್ಲ ಪೂಲ್ ಪಾರ್ಲರ್‌ನಲ್ಲೂ ಕೇಳಿಬರುವ ಮಾತಿದು, ಆದರೆ ಸರಿಯಲ್ಲ. ಚೆಂಡಿನ ಸ್ಪಿನ್ ನಿಂತಿರುವುದು ಎರಡರ ಮೇಲೆ: ನಡುವಿನಿಂದ ಎಷ್ಟು ದೂರ ತಾಗಿತು, ಎಷ್ಟು ವೇಗದಲ್ಲಿ ತಾಗಿತು. ಟಿಪ್ ಜಾರದೆ ಹಿಡಿದುಕೊಂಡಿತೆಂದರೆ ಮೆತ್ತನೆಯದ್ದೂ ಗಟ್ಟಿಯದ್ದೂ ಒಂದೇ. ಮೆತ್ತನೆಯದ್ದು ಚಾಕ್ ಚೆನ್ನಾಗಿ ಹಿಡಿಯುವುದರಿಂದ ಆಡುವವರಿಗೆ ಧೈರ್ಯ ಬರುತ್ತದೆ, ಧೈರ್ಯವಾಗಿ ಇನ್ನಷ್ಟು ಅಂಚಿಗೆ ಹೊಡೆಯುತ್ತಾರೆ, ಸ್ಪಿನ್ ಹೆಚ್ಚುತ್ತದೆ.

ಇದ್ದಕ್ಕಿದ್ದಂತೆ ನನ್ನ ಕ್ಯೂ ‘ಟಿಂಗ್’ ಎನ್ನಲು ಶುರುವಾಗಿದೆ. ಏನಾಗಿದೆ?

ಟಿಪ್ ನೋಡಿ. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಸ್ಕಫರ್ ಎಂಬ ಒರಟು ಮೇಲ್ಮೈಯ ಸಾಧನದಿಂದ ಹಗುರವಾಗಿ ಉಜ್ಜಿ, ಚಾಕ್ ಕೂರುವಂತೆ ಮಾಡಿ. ಚಪ್ಪಟೆಯಾಗಿದ್ದರೆ ದುಂಡು ಕೊಡಿ. ಅಮೆರಿಕದವರು ಟಿಪ್‌ನ ದುಂಡಿಗೆ ತಮ್ಮ ನಿಕಲ್, ಡೈಮ್ ನಾಣ್ಯಗಳ ಬಾಗನ್ನು ಅಳತೆಯಾಗಿ ಬಳಸುತ್ತಾರೆ. ನಮ್ಮಲ್ಲಿ ಒಂದು ರೂಪಾಯಿ ನಾಣ್ಯವನ್ನು ಪಕ್ಕದಲ್ಲಿ ಹಿಡಿದು ನೋಡಿದರೆ ನಿಕಲ್ ಅಳತೆಗೆ ಹತ್ತಿರ ಬರುತ್ತದೆ. ಟಿಪ್ ಸವೆದು ಅಂಚಿನಲ್ಲಿ ಎರಡು ಮಿಲಿಮೀಟರ್‌ಗೆ ಇಳಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು. ಪೆಟ್ಟು ನೇರ ಫೆರೂಲ್‌ಗೇ ಬೀಳುತ್ತಿರುವುದರಿಂದ ಆ ‘ಟಿಂಗ್’. ಹಾಗೇ ಆಡುತ್ತಿದ್ದರೆ ಫೆರೂಲ್ ಬಿರುಕು ಬಿಡುತ್ತದೆ.

ಕ್ಯೂನಿಂದ ಗುಂಯ್ ಎಂಬ ಸದ್ದು ಅಥವಾ ಕಟಕಟ ಬರುತ್ತಿದ್ದರೆ?

ಎಲ್ಲೋ ಏನೋ ಸಡಿಲವಾಗಿದೆ. ಒಡಕು ಮಡಕೆಯನ್ನು ತಟ್ಟಿ ಕಂಡುಹಿಡಿಯುವ ಹಾಗೆ ಕ್ಯೂ ಅನ್ನೂ ತಟ್ಟಿಯೇ ಕಂಡುಹಿಡಿಯಬೇಕು. ಮೊದಲು ಜಾಯಿಂಟ್ ಬಿಚ್ಚಿ, ಎರಡೂ ಮುಖ ಒರೆಸಿ, ಮತ್ತೆ ಬಿಗಿಮಾಡಿ. ಅರ್ಧಕ್ಕಿಂತ ಹೆಚ್ಚು ದೂರುಗಳು ಇಲ್ಲೇ ಮುಗಿಯುತ್ತವೆ. ಹೋಗದಿದ್ದರೆ ಶಾಫ್ಟ್ ಬೇರ್ಪಡಿಸಿ, ಎರಡು ಬೆರಳಲ್ಲಿ ನಡುವೆ ಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಬನ್ನಿ. ಒಳ್ಳೆಯ ಶಾಫ್ಟ್ ಎಲ್ಲ ಕಡೆ ಶುದ್ಧ ದನಿ ಕೊಡುತ್ತದೆ. ಫೆರೂಲ್ ಹತ್ತಿರ ದನಿ ಸತ್ತಂತಾದರೆ ಫೆರೂಲ್‌ನ ಅಂಟು ಬಿಟ್ಟಿದೆ ಅಥವಾ ಟಿಪ್ ಅರ್ಧ ಎದ್ದಿದೆ.

ಬಟ್‌ನಿಂದ ಸದ್ದು ಬರುತ್ತಿದ್ದರೆ ಹಿಂತುದಿಯ ರಬ್ಬರ್ ಬಂಪರ್ ತೆಗೆಯಿರಿ. ಬಹಳಷ್ಟು ಕ್ಯೂಗಳಲ್ಲಿ ಒಳಗೊಂದು ತೂಕದ ಬೋಲ್ಟ್ ಇರುತ್ತದೆ, ಅದು ಸಡಿಲಾದರೂ ಕಟಕಟ ಬರುತ್ತದೆ. ಅಲೆನ್ ಕೀಯಿಂದ ಬಿಗಿಮಾಡಿದರೆ ಸಾಕು. ಇದ್ಯಾವುದೂ ಅಲ್ಲದಿದ್ದರೆ ಬಟ್‌ನ ಒಳಗಿನ ಕೂಡುಗೆಯೇ ಬಿಟ್ಟಿರಬಹುದು. ಅದನ್ನು ಮನೆಯಲ್ಲಿ ಫೆವಿಕಾಲ್ ಹಾಕಿ ರಿಪೇರಿ ಮಾಡಲು ಹೋಗಬೇಡಿ, ಕ್ಯೂ ಕೆಲಸ ಬಲ್ಲವರ ಕೈಗೆ ಕೊಡಿ.

ಚಾಕ್ ಹಚ್ಚದಿದ್ದರೆ ಸದ್ದು ಬದಲಾಗುತ್ತದೆಯೇ?

ನಡುವಿನ ಹೊಡೆತದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಅಂಚಿನ ಹೊಡೆತದಲ್ಲಿ ಗೊತ್ತಾಗುತ್ತದೆ: ಟಿಪ್ ಜಾರಿ, ‘ಚಕ್’ ಎಂಬ ಒಣ ಸದ್ದು ಬಂದು, ಚೆಂಡು ಎತ್ತಲೋ ಹೋಗುತ್ತದೆ. ಅದೇ ಮಿಸ್‌ಕ್ಯೂ. ಹತ್ತಿರದ ಟೇಬಲ್‌ನವರೆಲ್ಲ ತಿರುಗಿ ನೋಡುವ ಸದ್ದು ಅದು.

ಈಗಿನ ಕ್ಯೂ ಚಾಕ್‌ಗೂ ಶಾಲೆಯ ಸೀಮೆಸುಣ್ಣಕ್ಕೂ ಸಂಬಂಧವಿಲ್ಲ. ಅಮೆರಿಕದ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನಶಾಸ್ತ್ರಜ್ಞ ವಿಲಿಯಂ ಹಾಸ್ಕಿನ್ಸ್ ಸೇರಿ 1897ರಲ್ಲಿ ಪೇಟೆಂಟ್ ಪಡೆದ ಚಾಕ್‌ನಲ್ಲಿ ಸಿಲಿಕಾದಂಥ ಉಜ್ಜುಪುಡಿ ಇತ್ತು, ಇಂದಿನ ನೀಲಿ ತುಂಡುಗಳು ಅದೇ ವಂಶದವು. ಟಿಪ್ ಮತ್ತು ಚೆಂಡಿನ ನಡುವೆ ಘರ್ಷಣೆ ಹೆಚ್ಚಿಸುವುದೇ ಅದರ ಕೆಲಸ. ಚರ್ಮದ ಟಿಪ್ ಕೂಡ ಅಷ್ಟೇನೂ ಪುರಾತನವಲ್ಲ. ಫ್ರಾನ್ಸಿನ ಕ್ಯಾಪ್ಟನ್ ಮಿಂಗೋ 19ನೇ ಶತಮಾನದ ಆರಂಭದಲ್ಲಿ ಅದನ್ನು ಬಳಕೆಗೆ ತಂದವನೆಂದು ಪ್ರಸಿದ್ಧ. ಅದಕ್ಕೂ ಮುಂಚೆ ಬರಿಯ ಮರದ ತುದಿ ಚೆಂಡಿಗೆ ಬಡಿಯುತ್ತಿತ್ತು, ಸ್ಪಿನ್ ಹೊಡೆತಗಳಿಗೆ ಅವಕಾಶ ಬಹಳ ಕಡಿಮೆಯಿತ್ತು.

ಹಚ್ಚುವಾಗ ಚಾಕ್ ತುಂಡನ್ನು ಟಿಪ್ ಮೇಲಿಟ್ಟು ಗರಗರ ತಿರುಗಿಸಬೇಡಿ. ಬಣ್ಣ ಬಳಿದಂತೆ ಅಂಚಿನಿಂದ ಅಂಚಿಗೆ ಸವರಿ, ಎಲ್ಲೂ ಬರಿ ಚರ್ಮ ಕಾಣದಂತೆ ನೋಡಿಕೊಳ್ಳಿ.

ಎಷ್ಟು ಅಂಚಿಗೆ ಹೊಡೆದರೆ ಮಿಸ್‌ಕ್ಯೂ ಆಗುತ್ತದೆ?

ಚೆಂಡಿನ ತ್ರಿಜ್ಯದ ಅರ್ಧದಷ್ಟು ದೂರ ಹೋಗುವವರೆಗೆ ಒಳ್ಳೆಯ ಟಿಪ್ ಹಿಡಿದುಕೊಳ್ಳುತ್ತದೆ. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ., ಹಾಗಾಗಿ ನಡುವಿನಿಂದ ಸುಮಾರು 14 ಮಿ.ಮೀ. ಸಾಮಾನ್ಯವಾಗಿ ಪಟ್ಟೆ ಚೆಂಡಿನ ಪಟ್ಟೆಯ ಅಂಚು ಹೆಚ್ಚೂಕಡಿಮೆ ಇದೇ ಎಲ್ಲೆಗೆ ಬರುತ್ತದೆ. ಮೇಲೆ ಹೇಳಿದ ಅಭ್ಯಾಸದಲ್ಲಿ ನೀಲಿ ಚುಕ್ಕೆ ಪಟ್ಟೆ ದಾಟಿ ಬಿಳಿಯ ಭಾಗಕ್ಕೆ ಹೋಗಿದ್ದರೆ ಅಪಾಯದ ಜಾಗದಲ್ಲಿ ಹೊಡೆದಿದ್ದೀರಿ ಎಂದರ್ಥ.

ಜಾಯಿಂಟ್ ಸ್ಟೀಲಿನದ್ದಾಗಿದ್ದರೆ ಹಿಟ್ ಗಟ್ಟಿ, ಮರಕ್ಕೆ ಮರ ಸೇರಿದರೆ ಮೃದು ಎನ್ನುತ್ತಾರೆ. ನಿಜವೇ?

ಕೈಗೆ ಗೊತ್ತಾಗುವ ವ್ಯತ್ಯಾಸ ಇದೆ, ಆದರೆ ಅದು ಚೆಂಡಿಗೆ ಏನನ್ನೂ ಮಾಡುವುದಿಲ್ಲ ಎನ್ನುವಷ್ಟು ಕಡಿಮೆ. ಮೇಪಲ್ ಮರದ ಎಳೆಯ ಉದ್ದಕ್ಕೂ ಕಂಪನ ಸೆಕೆಂಡಿಗೆ ಸುಮಾರು 4,000 ಮೀಟರ್ ವೇಗದಲ್ಲಿ ಸಾಗುತ್ತದೆ. ಒಂದೂವರೆ ಮೀಟರಿನಷ್ಟಿರುವ ಕ್ಯೂನ ಹಿಂತುದಿಗೆ ಹೋಗಿ ಮರಳಲು ಮಿಲಿಸೆಕೆಂಡಿನ ಮುಕ್ಕಾಲು ಭಾಗ ಬೇಕು. ಟಿಪ್ ಚೆಂಡನ್ನು ಬಿಡುವ ಹೊತ್ತೂ ಆಗಲೇ ಹತ್ತಿರ ಬಂದಿರುತ್ತದೆ. ಅಡ್ಡಕ್ಕೆ ಬಾಗುವ ಅಲೆ ಇನ್ನೂ ನಿಧಾನ. ಸೈಡ್ ಹೊಡೆತದಲ್ಲಿ, ಅಂದರೆ ಚೆಂಡಿನ ಎಡಕ್ಕೋ ಬಲಕ್ಕೋ ಹೊಡೆದಾಗ, ಚೆಂಡು ಎತ್ತ ಹೊರಡಬೇಕೆಂಬುದನ್ನು ಶಾಫ್ಟ್‌ನ ತುದಿಯ ಒಂದು ಗೇಣಿನಷ್ಟು ಭಾಗ ಮಾತ್ರ ತೀರ್ಮಾನಿಸಿರುತ್ತದೆ.

ಆದರೂ ಜಾಯಿಂಟ್ ಮುಖ್ಯವೇ ಅಲ್ಲ ಎಂದು ನಾನು ಹೇಳುವುದಿಲ್ಲ. ಆಟಗಾರ ತನ್ನ ಕ್ಯೂನ ದನಿಯನ್ನು ನಂಬಿಕೊಂಡು ಆಡುತ್ತಾನೆ. ಸ್ಟೀಲ್ ಜಾಯಿಂಟ್‌ನ ಚುರುಕು ಸದ್ದು ನಿಮಗೆ ಹಿಡಿಸಿದರೆ ಅದೇ ತೆಗೆದುಕೊಳ್ಳಿ. ‘ಈ ಜಾಯಿಂಟ್‌ನಿಂದ ಸ್ಕ್ರೂ (ಬಿಳಿ ಚೆಂಡು ಹಿಂದಕ್ಕೆ ಬರುವ ಸ್ಪಿನ್) ಚೆನ್ನಾಗಿ ಬರುತ್ತದೆ’ ಎಂಬ ಮಾರಾಟದ ಮಾತಿಗೆ ದುಡ್ಡು ಕೊಡಬೇಡಿ, ಅಷ್ಟೇ.

ಸೈಡ್ ಹೊಡೆದಾಗ ಚೆಂಡು ಗುರಿ ಬಿಟ್ಟು ಹೋಗುತ್ತದೆ. ಅದು ಕೈಗೆ ಗೊತ್ತಾಗುತ್ತದೆಯೇ?

ಬಿಳಿ ಚೆಂಡಿನ ಬಲಕ್ಕೆ ಹೊಡೆದರೆ ಅದು ತುಸು ಎಡಕ್ಕೆ, ಎಡಕ್ಕೆ ಹೊಡೆದರೆ ತುಸು ಬಲಕ್ಕೆ ಹೊರಡುತ್ತದೆ. ಇದಕ್ಕೆ ಸ್ಕ್ವರ್ಟ್ ಅಥವಾ ಡಿಫ್ಲೆಕ್ಷನ್ ಎನ್ನುತ್ತಾರೆ. ಕಾರಣ, ಸುತ್ತತೊಡಗಿದ ಚೆಂಡು ಶಾಫ್ಟ್‌ನ ತುದಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಆ ತುದಿಯ ತೂಕ ಚೆಂಡನ್ನು ಅಷ್ಟೇ ಬಲದಿಂದ ಎದುರು ದಿಕ್ಕಿಗೆ ತಳ್ಳುತ್ತದೆ. ತುದಿ ಹಗುರವಾದಷ್ಟೂ ಈ ತಪ್ಪಿಕೆ ಕಡಿಮೆ. ಪ್ರಿಡೇಟರ್‌ನಂಥ ಕಂಪನಿಗಳ ಲೋ-ಡಿಫ್ಲೆಕ್ಷನ್ ಶಾಫ್ಟ್‌ಗಳು ತುದಿಯನ್ನು ಟೊಳ್ಳು ಮಾಡಿ ಅಥವಾ ಫೆರೂಲ್ ಚಿಕ್ಕದು ಮಾಡಿ ಸಾಧಿಸುವುದು ಇದನ್ನೇ. ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದ ಡೇವಿಡ್ ಆಲ್ಸಿಯಟೋರ್ ಹೈ-ಸ್ಪೀಡ್ ಕ್ಯಾಮೆರಾದಲ್ಲಿ ಇಂಥ ಹೊಡೆತಗಳನ್ನು ಚಿತ್ರಿಸಿ ವಿವರಿಸಿದ್ದಾರೆ. ಶಾಫ್ಟ್ ತುದಿ ಪಕ್ಕಕ್ಕೆ ಬಾಗುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಆ ಬಾಗು ಕೈಗೆ ಬರುತ್ತದೆ. ಮೊದಲ ಸಲ ಲೋ-ಡಿಫ್ಲೆಕ್ಷನ್ ಶಾಫ್ಟ್ ಹಿಡಿದವರಲ್ಲಿ ಹೆಚ್ಚಿನವರು ‘ಪೊಳ್ಳು ಪೊಳ್ಳು’ ಅನ್ನುತ್ತಾರೆ. ತುದಿ ನಿಜಕ್ಕೂ ಪೊಳ್ಳಾಗಿರುವುದೇ ಅದಕ್ಕೆ ಕಾರಣ. ಕೊರತೆ ಎಂದುಕೊಂಡು ವಾಪಸ್ ಕೊಡಬೇಡಿ, ಕಿವಿ ಹೊಂದಿಕೊಳ್ಳಲು ಸ್ವಲ್ಪ ಸಮಯ ಕೊಡಿ.

ಮೇಪಲ್, ಆಷ್, ಕಾರ್ಬನ್ ಫೈಬರ್: ಯಾವುದರ ಸದ್ದು ಹೇಗೆ?

ಪೂಲ್ ಕ್ಯೂಗೆ ಸಾಮಾನ್ಯವಾಗಿ ಗಟ್ಟಿ ಮೇಪಲ್ ಶಾಫ್ಟ್, 12ರಿಂದ 13 ಮಿ.ಮೀ. ಟಿಪ್. ಸ್ನೂಕರ್ ಕ್ಯೂಗೆ ಹೆಚ್ಚಾಗಿ ಆಷ್ ಶಾಫ್ಟ್, ಹಿತ್ತಾಳೆ ಫೆರೂಲ್, 9-10 ಮಿ.ಮೀ. ಟಿಪ್. ಆಷ್‌ನ ಉದ್ದನೆ ಎಳೆಗಳು ಕಣ್ಣಿಗೆ ಬಾಣದ ಗುರುತಿನಂತೆ ಕಾಣುತ್ತವೆ, ಸವರಿದರೆ ಬೆರಳಿಗೂ ಸಿಗುತ್ತವೆ. ಮೇಪಲ್ ನುಣುಪು. ಆಷ್ ಬಿಗಿಯಾಗಿ, ಸ್ವಲ್ಪ ಒಣ ದನಿಯಲ್ಲಿ ಕೇಳುತ್ತದೆ. ಮೇಪಲ್‌ನದ್ದು ದುಂಡಗಿನ ದನಿ.

ನಮ್ಮ ಬೆಂಗಳೂರಿನ ಕಥೆ ಇಲ್ಲಿ ಸ್ವಲ್ಪ ಬೇರೆ. ಇದು ಮೊದಲಿನಿಂದ ಬಿಲಿಯರ್ಡ್ಸ್, ಸ್ನೂಕರ್‌ನ ಊರು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಟೇಬಲ್‌ಗಳಲ್ಲಿ ಬೆಳೆದ, ಅರವಿಂದ್ ಸವೂರ್ ಅವರಲ್ಲಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದಾಗ ಅವರಿಗೆ ಹದಿನೆಂಟು ವರ್ಷ. ಆ ಪರಂಪರೆಯ ಕಿವಿ ಆಷ್ ಮರದ್ದು. ಸ್ನೂಕರ್‌ನಿಂದ ಪೂಲ್‌ಗೆ ಬಂದವರಿಗೆ ಮೇಪಲ್ ಕ್ಯೂ ‘ಮಂದ’ ಅನ್ನಿಸುವುದು ಸಹಜ. ಸಣ್ಣ ಟಿಪ್‌ನ ಸ್ನೂಕರ್ ಕ್ಯೂನಲ್ಲಿ ಭಾರದ ಪೂಲ್ ಚೆಂಡುಗಳನ್ನು ಬ್ರೇಕ್ ಮಾಡಬೇಡಿ, ಅಂದರೆ ಆಟದ ಆರಂಭದಲ್ಲಿ ಚೆಂಡುಗಳನ್ನು ಚದುರಿಸುವ ಜೋರು ಹೊಡೆತ ಹೊಡೆಯಬೇಡಿ. ಫೆರೂಲ್‌ಗೂ ಟಿಪ್‌ಗೂ ಅದು ವಿಪರೀತ ಪೆಟ್ಟು.

ಕಾರ್ಬನ್ ಫೈಬರ್ ಶಾಫ್ಟ್ ಕೊಳವೆಯಂಥದ್ದು, ಒಳಗೆ ಫೋಮ್ ತುಂಬಿರುತ್ತಾರೆ. ಸೊಟ್ಟಗಾಗುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಸದ್ದು ಮಾತ್ರ ಮರದ್ದಲ್ಲ, ಗಡುಸಾದ ‘ಟಾಕ್’. ಆಟಕ್ಕೆ ಅದರಿಂದ ಏನೂ ಕೊರತೆಯಿಲ್ಲ. ಆದರೆ ಒಳ್ಳೆಯ ಮೇಪಲ್ ಶಾಫ್ಟ್ ಕೈಯಲ್ಲಿ ಕೊಡುವ ಆ ಮೆಲುವಾದ ಅದುರು ನನಗೆ ಇಂದಿಗೂ ಇಷ್ಟ.

ಹಿಡಿತ ಬಿಗಿ ಮಾಡಿದರೆ ಹಿಟ್ ಬದಲಾಗುತ್ತದೆಯೇ?

ಕೈಗೆ ತಲುಪುವ ಹದ ಬಹಳ ಬದಲಾಗುತ್ತದೆ. ಬಿಗಿಮುಷ್ಟಿಯಲ್ಲಿ ಅಂಗೈ ಕಂಪನವನ್ನು ನುಂಗಿಬಿಡುತ್ತದೆ, ಸದ್ದೂ ಮೊಂಡಾಗುತ್ತದೆ. ಬೆರಳುಗಳ ಮೇಲೆ ಕ್ಯೂ ಸುಮ್ಮನೆ ಕೂತಿದ್ದರೆ ಕಂಪನ ಪೂರ್ತಿ ತಿಳಿಯುತ್ತದೆ. ಚೆಂಡಿನ ವೇಗಕ್ಕೆ ಹಿಡಿತದಿಂದ ಹೆಚ್ಚು ವ್ಯತ್ಯಾಸವಿಲ್ಲ, ಆ ಒಂದು ಮಿಲಿಸೆಕೆಂಡಿನಲ್ಲಿ ಅಂಗೈಯ ಮೆತ್ತನೆ ಮಾಂಸ ಕ್ಯೂಗೆ ಸೇರಿಸುವ ಬಲ ಅತ್ಯಲ್ಪ. ಬಿಗಿಹಿಡಿತದ ನಿಜವಾದ ತೊಂದರೆ ಹೊಡೆಯುವ ಮುನ್ನವೇ ಆಗಿರುತ್ತದೆ: ಕ್ಯೂ ನೇರ ದಾರಿ ಬಿಟ್ಟು ಓಲಾಡುತ್ತದೆ.

ಎರಡು ಸಲ ತಾಗಿತು ಎಂದು ರೆಫರಿ ಫೌಲ್ ಕೊಟ್ಟರು. ಸದ್ದು ಕೇಳಿ ಅದು ಗೊತ್ತಾಗುತ್ತದೆಯೇ?

ಬಹಳ ಸಲ ಗೊತ್ತಾಗುತ್ತದೆ. ಬಿಳಿ ಚೆಂಡು ಮತ್ತು ಎದುರಿನ ಚೆಂಡಿನ ನಡುವೆ ಒಂದು ಚಾಕ್ ತುಂಡಿನಷ್ಟೂ ಜಾಗ ಇಲ್ಲದಿದ್ದಾಗ, ಬಿಳಿ ಚೆಂಡು ಬಡಿದು ನಿಲ್ಲುವಷ್ಟರಲ್ಲಿ ಮುಂದೆ ಬರುತ್ತಿರುವ ಕ್ಯೂ ಅದನ್ನು ಮತ್ತೆ ಮುಟ್ಟುತ್ತದೆ. ‘ಟಕ್’ ಬದಲು ‘ಟ್ರಕ್’ ಎಂಬ ಗೀಚಲು ಸದ್ದು ಬರುತ್ತದೆ. ಆದರೆ ರೆಫರಿ ಹೆಚ್ಚು ನಂಬುವುದು ಚೆಂಡಿನ ಓಟವನ್ನು. ನೇರ ಹೊಡೆತದಲ್ಲಿ ಬಿಳಿ ಚೆಂಡು ಎದುರಿನ ಚೆಂಡಿನ ಹಿಂದೆಯೇ ಅದೇ ವೇಗದಲ್ಲಿ ಓಡಿದರೆ ಅದು ಎರಡು ತಾಗು ಆಗಿರಲೇಬೇಕು. ಕ್ಯೂ ಹಿಂಭಾಗ ಸ್ವಲ್ಪ ಎತ್ತಿ, ಚಿಕ್ಕದಾಗಿ ಹೊಡೆಯುವುದು ಇದಕ್ಕೆ ಪರಿಹಾರ.

ಎರಡೂ ಚೆಂಡು ಮೊದಲೇ ಅಂಟಿಕೊಂಡಿದ್ದರೆ ಪೂಲ್‌ನ ಅಂತರರಾಷ್ಟ್ರೀಯ ನಿಯಮದಲ್ಲಿ ಅದರ ಕಡೆಗೇ ಸಾಮಾನ್ಯ ಹೊಡೆತ ಹೊಡೆಯಬಹುದು. ಸ್ನೂಕರ್‌ನಲ್ಲಿ ಹಾಗಿಲ್ಲ, ಅಂಟಿದ ಚೆಂಡು ಅಲುಗದಂತೆ ಬೇರೆ ಕಡೆಗೆ ಆಡಬೇಕು. ಎರಡೂ ಆಟ ಆಡುವವರು ಇಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ.

ಬ್ರೇಕ್ ಕ್ಯೂಗಳ ಸದ್ದು ಯಾಕೆ ಅಷ್ಟು ಜೋರು?

ಅವುಗಳ ಟಿಪ್ ಚರ್ಮದ್ದಾಗಿರದೆ ಫೀನಾಲಿಕ್ ಎಂಬ ಗಟ್ಟಿ ರಾಳದ್ದಾಗಿರುವುದುಂಟು. ಕುಗ್ಗುವುದು ಕಡಿಮೆ, ಶಕ್ತಿ ಪೋಲಾಗುವುದೂ ಕಡಿಮೆ, ಹಾಗಾಗಿ ಅದೇ ಕೈವೇಗಕ್ಕೆ ಚೆಂಡು ಇನ್ನಷ್ಟು ಜೋರಾಗಿ ಹೋಗುತ್ತದೆ. ಟೂರ್ನಿ ಆಡುವವರು ಅಲ್ಲಿನ ನಿಯಮ ಮೊದಲು ನೋಡಿಕೊಳ್ಳಿ, ಬ್ರೇಕ್‌ಗೆ ಚರ್ಮದ ಟಿಪ್ಪೇ ಬೇಕೆನ್ನುವ ಸ್ಪರ್ಧೆಗಳಿವೆ.

ಹಳೆ ಪಾರ್ಲರ್‌ನ ಚೆಂಡುಗಳ ಸದ್ದು ಮಂಕಾಗಿ ಕೇಳುತ್ತದೆ. ಚೆಂಡಿನದ್ದೇ ತಪ್ಪೇ?

ಇರಬಹುದು. ಬೆಲ್ಜಿಯಂನ ಸಾಲುಕ್ ಕಂಪನಿಯ ಅರಾಮಿತ್ ಚೆಂಡುಗಳು ಫೀನಾಲಿಕ್ ರಾಳದವು, ಅವುಗಳ ದನಿ ಚುರುಕು. ಅಗ್ಗದ ಪಾಲಿಯೆಸ್ಟರ್ ಚೆಂಡುಗಳು ಬೇಗ ಗೀರುಬಿದ್ದು, ಸವೆದು, ತೂಕ ಕಳೆದುಕೊಂಡು ಮಂಕಾಗುತ್ತವೆ. ಒಂದೇ ಸೆಟ್‌ನಲ್ಲಿ ಬಿಳಿ ಚೆಂಡು ಮಾತ್ರ ಬೇರೆಯಾಗಿದ್ದರೆ ಇನ್ನೂ ಕಷ್ಟ, ಎಲ್ಲ ಶಾಟ್‌ಗೂ ಟಿಪ್ ತಾಗುವುದು ಅದಕ್ಕೇ.

ಕೊಳೆಯ ಚೆಂಡಿನಲ್ಲಿ ಇನ್ನೊಂದು ತೊಂದರೆ ಇದೆ. ಎರಡು ಚೆಂಡು ತಾಗುವ ಜಾಗದಲ್ಲಿ ಸರಿಯಾಗಿ ಚಾಕ್ ಗುರುತು ಬಂದರೆ ಅವು ಕ್ಷಣಹೊತ್ತು ಅಂಟಿಕೊಂಡಂತಾಗಿ ಗುರಿ ತಪ್ಪುತ್ತದೆ. ಸ್ನೂಕರ್‌ನವರು ಇದನ್ನು ಕಿಕ್ ಎನ್ನುತ್ತಾರೆ, ಪೂಲ್‌ನವರು ಸ್ಕಿಡ್. ‘ಕಟ್’ ಎನ್ನಬೇಕಾದ ಕಡೆ ಭಾರವಾದ ‘ದಡ್’ ಕೇಳುತ್ತದೆ, ಬಿಳಿ ಚೆಂಡು ಸಣ್ಣಗೆ ನೆಗೆಯುತ್ತದೆ. ನಿಮ್ಮ ತಪ್ಪಿಲ್ಲದೆ ಶಾಟ್ ಹೋಗುವ ಸಂದರ್ಭ ಇದು.

ಚೆಂಡಿನ ಸದ್ದಿನ ಚರಿತ್ರೆಯಲ್ಲಿ ಒಂದು ಸ್ವಾರಸ್ಯ ಉಂಟು. ಮೊದಲು ಚೆಂಡುಗಳು ಆನೆಯ ದಂತದವು. 1860ರ ದಶಕದಲ್ಲಿ ನ್ಯೂಯಾರ್ಕಿನ ಫೆಲನ್ ಮತ್ತು ಕೊಲೆಂಡರ್ ಕಂಪನಿ ದಂತಕ್ಕೆ ಬದಲಿ ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನ ಸಾರಿತು. ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್‌ನತ್ತ ಹೋದದ್ದು ಈ ಹುಡುಕಾಟದಿಂದಲೇ. ಆ ಮೊದಲ ಚೆಂಡುಗಳ ಹೊದಿಕೆ ಬೆಂಕಿಗೆ ಹತ್ತುವಂಥದ್ದು, ಜೋರಾಗಿ ಡಿಕ್ಕಿಯಾದರೆ ಕೆಲವೊಮ್ಮೆ ‘ಢಂ’ ಎನ್ನುತ್ತಿತ್ತು. ಕೊಲೊರಾಡೊದ ಸಲೂನ್ ಮಾಲೀಕನೊಬ್ಬ, ಆ ಸದ್ದಾದಾಗಲೆಲ್ಲ ಕೋಣೆಯಲ್ಲಿದ್ದವರೆಲ್ಲ ಪಿಸ್ತೂಲು ಹೊರತೆಗೆಯುತ್ತಾರೆಂದು ತನಗೆ ಬರೆದಿದ್ದನೆಂದು ಹಯಾಟ್ ನೆನಪಿಸಿಕೊಂಡಿದ್ದಾನೆ.

ಸದ್ದು ಕೇಳದಿದ್ದರೆ ಚೆನ್ನಾಗಿ ಆಡಲು ಆಗುವುದಿಲ್ಲವೇ?

ಖಂಡಿತ ಆಗುತ್ತದೆ. ಅಮೆರಿಕದ ಸೌತ್ ಡಕೋಟಾದ ಶೇನ್ ವ್ಯಾನ್ ಬೋನಿಂಗ್ ಹುಟ್ಟಿನಿಂದ ಶ್ರವಣದೋಷ ಇರುವವರು, ಶ್ರವಣ ಸಾಧನ ಬಳಸುತ್ತಾರೆ. ಆಟದ ವೇಳೆ ಅದನ್ನು ಆಫ್ ಮಾಡಿಕೊಂಡು ಏಕಾಗ್ರತೆ ಪಡೆಯುವುದೂ ಉಂಟು. ಯುಎಸ್ ಓಪನ್ 9-ಬಾಲ್ ಅನ್ನು ಐದು ಸಲ, 2022ರಲ್ಲಿ ವಿಶ್ವ 9-ಬಾಲ್ ಚಾಂಪಿಯನ್‌ಷಿಪ್ ಅನ್ನು ಗೆದ್ದವರು. ಕಿವಿ ಕೊಡದ ವರದಿಯನ್ನು ಬೆರಳೂ ಕಣ್ಣೂ ಕೊಡಬಲ್ಲವು. ಜೋರು ಸಂಗೀತ ಹಾಕುವ ಪಾರ್ಲರ್‌ನಲ್ಲಿ ಆಡುವವರಿಗೂ ಇದೇ ದಾರಿ: ಹಿಡಿತ ಸಡಿಲ ಬಿಟ್ಟು ಬೆರಳಿಗೆ ಗಮನ ಕೊಡಿ.

ಮಂಗಳೂರಿನಲ್ಲಿ ಚೆನ್ನಾಗಿದ್ದ ಕ್ಯೂ ಬೆಂಗಳೂರಿನಲ್ಲಿ ಬೇರೆ ಅನ್ನಿಸುತ್ತಿದೆ. ಹೀಗಾಗುತ್ತದೆಯೇ?

ಆಗುತ್ತದೆ. ಕರಾವಳಿಯ ತೇವಕ್ಕೆ ಚರ್ಮ ಮೆತ್ತಗಾಗುತ್ತದೆ, ಟೇಬಲ್ ಬಟ್ಟೆ ನಿಧಾನವಾಗುತ್ತದೆ, ಶಾಫ್ಟ್ ಬೆರಳಿಗೆ ಅಂಟುತ್ತದೆ. ಒಣ ಹವೆಯಲ್ಲಿ ಅದೇ ಟಿಪ್ ಗಟ್ಟಿಯಾಗಿ ಕೇಳುತ್ತದೆ. ಮಳೆಗಾಲದಲ್ಲಿ ಕ್ಯೂ ಅನ್ನು ಗೋಡೆಗೆ ಒರಗಿಸಿ ಇಡಬೇಡಿ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಂತೂ ಬೇಡವೇ ಬೇಡ. ಬಿಚ್ಚಿ, ಒರೆಸಿ, ಕೇಸ್‌ನಲ್ಲಿಡಿ.

ಪಾರ್ಲರ್‌ನ ಸ್ಟ್ಯಾಂಡ್‌ನಲ್ಲಿರುವ ಹತ್ತಾರು ಸ್ಟಿಕ್‌ಗಳಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ?

ಟೇಬಲ್ ಮೇಲೆ ಉರುಳಿಸಿ ಸೊಟ್ಟ ನೋಡುವವರೇ ಹೆಚ್ಚು. ನಾನು ಮೊದಲು ನೋಡುವುದು ಟಿಪ್: ದುಂಡಗಿದೆಯೇ, ಅಂಚು ಎದ್ದಿದೆಯೇ, ಚಾಕ್ ಹಿಡಿಯುತ್ತದೆಯೇ. ಸ್ವಲ್ಪ ಸೊಟ್ಟಗಿರುವ ಕ್ಯೂನಲ್ಲಿ ಆಡಬಹುದು, ಟಿಪ್ ಕೆಟ್ಟ ಕ್ಯೂನಲ್ಲಿ ಆಗದು. ಆಮೇಲೆ ಬಂಪರ್ ಕಡೆ ಹಗುರವಾಗಿ ನೆಲಕ್ಕೆ ಒಮ್ಮೆ ಕುಟ್ಟಿ ಕೇಳಿ, ಒಳಗೆ ಏನಾದರೂ ಅಲುಗಿದರೆ ವಾಪಸ್ ಇಡಿ. ಮೂರನೆಯದಾಗಿ ಬಿಳಿ ಚೆಂಡನ್ನು ಟೇಬಲ್ ಉದ್ದಕ್ಕೆ ನಡುವಿಗೆ ಹೊಡೆದು, ಎದುರು ಕುಶನ್‌ಗೆ ತಾಗಿ ವಾಪಸ್ ಟಿಪ್‌ಗೇ ಬರುವಂತೆ ಮಾಡಿ. ಎರಡು ಮೂರು ಸಲ ಸದ್ದು ಒಂದೇ ಥರ ಬಂದರೆ ಆ ಸ್ಟಿಕ್ ನಿಮ್ಮದು. ಮುಂದಿನ ವಾರವೂ ಸಿಗುವಂತೆ ಅದರ ಬಟ್ ಮೇಲೆ ಕೆತ್ತಿರುವ ನಂಬರ್ ಅಥವಾ ಗೀರು ಯಾವುದಿದೆ ನೋಡಿಟ್ಟುಕೊಳ್ಳಿ.